ಉರ್ದು ಶಾಲೆಯಿಂದ ಕನ್ನಡ ಮೀಡಿಯಂಗೆ ಬಂದ ಮಕ್ಕಳಿಗೆ ಗಣಿತ ಹೇಳಿಕೊಡೋದು ಹೇಗೆ?

ಜಗಲಿ ಟೀಚರ್, ಸಾಗರ:
ನಮ್ಮನೆ ಜಗಲಿಯಲ್ಲಿ ಸಂಜೆ ಒಂಬತ್ತು ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ಫೀಸಿಲ್ಲ. ಏಳನೇ ತನಕ ಉರ್ದು ಶಾಲೆಯಲ್ಲಿದ್ದು, ಎಂಟನೇ ಕ್ಲಾಸಿಗೆ ಕನ್ನಡ ಮೀಡಿಯಂ ಹೈಸ್ಕೂಲು ಸೇರಿದವರೇ ಜಾಸ್ತಿ. ಈಗ ಎಲ್ಲರೂ ಹತ್ತನೇ ಕ್ಲಾಸು.

ಮೊನ್ನೆ ಒಬ್ಬ ಹುಡುಗ 'ತ್ರಿಭುಜ' ಅಂತ ಓದಿ ಸುಮ್ನೆ ಕೂತಿದ್ದ. ಸ್ಲೇಟಿನ ಮೇಲೆ ಚಿತ್ರ ಬರೆದೆ. "ಓ, ಮುಸಲ್ಲಸ್ಸಾ ಟೀಚರ್?" ಅಂದವನೇ ಲೆಕ್ಕ ಮುಗಿಸಿಬಿಟ್ಟ. ಇವನಿಗೆ ಲೆಕ್ಕ ತಲೆಗೆ ಹತ್ತೋದಿಲ್ಲ ಅಂತ ಶಾಲೆಯಲ್ಲಿ ಅಂದಿದ್ದರು. ನಾನೂ ನಂಬಿದ್ದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನನಗೆ ಉರ್ದು ಬರೋದಿಲ್ಲ. ಏನು ಮಾಡಲಿ?

ಇನ್ನೊಂದು ಕಷ್ಟ. ಅಡಿಕೆ ಕೊಯ್ಲು ಶುರುವಾದ ಮೇಲೆ ಮೂವರು ಹುಡುಗಿಯರು ಬರುತ್ತಿಲ್ಲ. ಅಮ್ಮನ ಜೊತೆ ಸುಲಿಯೋಕೆ ಹೋಗುತ್ತಾರೆ. ಒಬ್ಬಳ ನೋಟ್‌ಬುಕ್ಕಿನ ಅಂಚಿನ ತುಂಬ ಅಡಿಕೆ ಕರೆಯ ಕಪ್ಪು ಬೆರಳಚ್ಚು. ಹೋಗಬೇಡ ಅನ್ನೋಕೆ ಬಾಯಿ ಬರೋದಿಲ್ಲ. ಮನೆಗೆ ಆ ದುಡ್ಡು ಬೇಕು.

ಹಳೇ ಉರ್ದು ಶಾಲೆ ಹುಡುಗ, ಶಿವಮೊಗ್ಗ:
ಅಕ್ಕ, ನಾನೂ ಹಾಗೇ ಬಂದವನು. 'ಸರ್, ಈ ಪದ ಗೊತ್ತಾಗಲಿಲ್ಲ' ಅಂತ ಎದ್ದು ಕೇಳೋಕೆ ನನಗೆ ಒಂದು ವರ್ಷ ಬೇಕಾಯ್ತು. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಉರ್ದು ಮಾಧ್ಯಮದ ಗಣಿತ ಪುಸ್ತಕವೂ ಪುಕ್ಕಟೆ ಸಿಗುತ್ತದೆ. ಕನ್ನಡದ್ದರ ಪಕ್ಕ ಇಡಿ. ಪಾಠ ಅದೇ, ಚಿತ್ರ ಅದೇ. ನೀವು ಓದಬೇಕಾಗಿಲ್ಲ, ಮಕ್ಕಳು ಓದಿ ಹೇಳಲಿ. ವೃತ್ತ ಅಂದರೆ ದಾಯರಾ, ಲಂಬ ಅಂದರೆ ಅಮೂದ್. ಹೀಗೆ ಬರೆದು ಗೋಡೆಗೆ ಅಂಟಿಸಿ. ದಯವಿಟ್ಟು ಅವರ ಕನ್ನಡ ಉಚ್ಚಾರಕ್ಕೆ ಯಾರೂ ನಗದ ಹಾಗೆ ನೋಡಿಕೊಳ್ಳಿ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ:
ಸುಲಿಯೋ ಕೆಲಸ ರಾತ್ರಿ ತನಕ ನಡೆಯುತ್ತೆ, ಅಲ್ವಾ? ಸಂಜೆ ಪಾಠ ಆ ಮಕ್ಕಳಿಗೆ ಆಗೋದಿಲ್ಲ. ಭಾನುವಾರ ಬೆಳಗ್ಗೆ ಕರೆಯಿರಿ. ಅಮ್ಮಂದಿರ ಹತ್ತಿರ ನೀವೇ ಹೋಗಿ ಮಾತಾಡಿ. ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಮೊದಲನೆಯದರಲ್ಲಿ ಒಂದು ವಿಷಯ ಹೋದರೂ ಅದೇ ವರ್ಷ ಮತ್ತೆ ಬರೆಯಬಹುದು. ಇದು ತಿಳಿಯದೆ, ಫೇಲಾದಳು ಅಂತ ಓದು ಬಿಡಿಸಿ ಮದುವೆ ಮಾಡಿದ್ದನ್ನು ಕಂಡಿದ್ದೇನೆ. ಗಣಿತದಲ್ಲಿ 20 ಅಂಕ ಶಾಲೆಯ ಕೈಯಲ್ಲೇ ಇರುತ್ತೆ. ಆ ಅಂಕಕ್ಕಾಗಿ ಶಾಲೆ ಕೊಡೋ ಅಸೈನ್‌ಮೆಂಟುಗಳನ್ನು ತಪ್ಪಿಸದ ಹಾಗೆ ನೋಡಿ.

ಜಗಲಿ ಟೀಚರ್, ಸಾಗರ:
ಇಬ್ಬರಿಗೂ ಧನ್ಯವಾದ. ನಿನ್ನೆ ಚಾರ್ಟ್ ಶುರು ಮಾಡಿದೆವು. ಉರ್ದು ಪದ ಮಕ್ಕಳು ಬರೆದರು, ಕನ್ನಡದ್ದು ನಾನು. ನನ್ನ ಉಚ್ಚಾರ ಅವರೇ ಮೂರು ಸಲ ತಿದ್ದಿದರು. ಭಾನುವಾರ ಏಳು ಗಂಟೆಗೆ ಇಬ್ಬರು ಹುಡುಗಿಯರು ಬರುತ್ತಾರಂತೆ. ಮೂರನೆಯವಳ ಮನೆಗೆ ನಾಳೆ ಹೋಗುತ್ತೇನೆ.