ಅಪ್ಪನ ಬೆರಳು ಮಡಚಿಕೊಂಡಿದೆ, ಸೂಜಿಯಲ್ಲೇ ಸರಿಯಾಗುತ್ತಾ?

ಡೊಂಬಿವಲಿ ಶೆಟ್ರು:
ಅಪ್ಪನಿಗೆ 66. ಈಗಲೂ ಠಾಣೆಯ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ. ಬಲಗೈ ಉಂಗುರ ಬೆರಳು ವರ್ಷದಿಂದ ವರ್ಷಕ್ಕೆ ಅಂಗೈ ಕಡೆ ಬಾಗುತ್ತಿದೆ. ಪ್ಯಾಂಟಿನ ಜೇಬಿಗೆ ಕೈ ಹೋಗಲ್ಲ, ಮುಖ ತೊಳೆಯುವಾಗ ಬೆರಳು ಕಣ್ಣಿಗೇ ಚುಚ್ಚುತ್ತದೆ. ನೋವು ಮಾತ್ರ ಇಲ್ಲ. ಡಾಕ್ಟರು ಡುಪ್ಯುಟ್ರೆನ್ ಅಂದರು, ಅಂಗೈಯಲ್ಲಿ ಚರ್ಮದಡಿ ಹುರಿಯಂತೆ ಗಟ್ಟಿಯಾಗಿ ಬೆರಳನ್ನು ಬಾಗಿಸುವ ಕಾಯಿಲೆಯಂತೆ. ಆಪರೇಷನ್ ಅಂದ ಕೂಡಲೇ ಅಪ್ಪ ಎದ್ದು ಬಂದರು. ಕೊಯ್ಯದೆ ಸೂಜಿಯಲ್ಲೇ ಬಿಡಿಸುತ್ತಾರಂತೆ, ಹೌದಾ? ಊರಿಂದ ಅತ್ತೆ ಬೇರೆ, ಎಣ್ಣೆ ಹಚ್ಚಿ ತಿಕ್ಕಿ ಅಂತ ದಿನಾ ಫೋನು.

ಮುಲುಂಡ್ ಅಕ್ಕ:
ನಮ್ಮ ಭಾವ ಮಾಡಿಸಿಕೊಂಡಿದ್ದಾರೆ. ಚರ್ಮವನ್ನಷ್ಟೇ ಮರಗಟ್ಟಿಸಿ, ಅದರಡಿಯ ಗಟ್ಟಿ ಹುರಿಯನ್ನು ಸೂಜಿಮೊನೆಯಿಂದ ಅಲ್ಲಲ್ಲಿ ಕತ್ತರಿಸಿ, ಆಮೇಲೆ ಬೆರಳನ್ನು ಎಳೆದು ನೇರ ಮಾಡಿದರು, ಆಗ ಪಟ್ ಅಂತ ಸದ್ದು ಬಂತಂತೆ. ನಡುನಡುವೆ ಬೆರಳ ತುದಿಗೆ ಶಾಕ್ ಹೊಡೆದ ಹಾಗಾಯಿತಾ ಅಂತ ಕೇಳುತ್ತಲೇ ಇದ್ದರಂತೆ, ಪಕ್ಕದಲ್ಲೇ ನರ ಇರುತ್ತದಲ್ಲ. ಹೊಲಿಗೆ ಇಲ್ಲ, ಅವತ್ತೇ ಮನೆಗೆ. ಈಗ ಮತ್ತೆ ಸ್ವಲ್ಪ ಬಾಗಿದೆ. ಇನ್ನೊಮ್ಮೆ ಚುಚ್ಚಿಸಿಕೊಂಡರಾಯಿತು ಬಿಡಿ ಅಂತಾರೆ.

ಪುಣೆ ಫಿಸಿಯೋ:
ಎಣ್ಣೆಯಿಂದ ಅತ್ತೆಗೆ ಸಮಾಧಾನ, ಅಷ್ಟೇ. ಅಂಗೈ ಚರ್ಮದ ಕೆಳಗಿನ ಪದರವೇ ದಪ್ಪಗಾಗಿ ಬೆರಳನ್ನು ಎಳೆಯುತ್ತಿರುವುದು, ತಿಕ್ಕಿದರೆ ಅದು ಸಡಿಲವಾಗಲ್ಲ. ಶೆಟ್ರೇ, ಬಾಗಿರುವುದು ಯಾವ ಕೀಲು ನೋಡಿ. ಬುಡದ್ದಾದರೆ ಸೂಜಿಯಲ್ಲಿ ಚೆನ್ನಾಗಿ ನೇರವಾಗುತ್ತದೆ. ನಡುವಿನದಾದರೆ ಕಷ್ಟ, ತಡ ಮಾಡಿದಷ್ಟೂ ಗಟ್ಟಿಯಾಗುತ್ತದೆ. ಇನ್ನು ಮರಳಿ ಬರುವುದು ಜಾಸ್ತಿ, ಅದನ್ನು ಅಪ್ಪನಿಗೆ ಮೊದಲೇ ಹೇಳಿಬಿಡಿ. 2012ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್ ಅಧ್ಯಯನದಲ್ಲಿ 5 ವರ್ಷದೊಳಗೆ ಸೂಜಿಯವರಲ್ಲಿ ಸುಮಾರು 85%, ಕೊಯ್ದು ತೆಗೆಸಿಕೊಂಡವರಲ್ಲಿ ಸುಮಾರು 21% ಮಂದಿಗೆ ಮರಳಿತ್ತು. ಆದರೂ 66ರ ವಯಸ್ಸಿಗೆ, ಆಪರೇಷನ್ ಬೇಡವೇ ಬೇಡ ಅನ್ನುವವರಿಗೆ, ನನ್ನ ಪ್ರಕಾರ ಸೂಜಿಯೇ ಒಳ್ಳೆಯದು. ಶುಗರ್ ಇದ್ದವರಲ್ಲಿ ಈ ಕಾಯಿಲೆ ಜಾಸ್ತಿ, ಅದನ್ನೂ ಚೆಕ್ ಮಾಡಿಸಿ.

ಮಡಗಾಂವ್ ಮಾಮ:
ಹುರಿಯನ್ನೇ ಕರಗಿಸುವ ಇಂಜೆಕ್ಷನ್ ಇದೆಯಂತಲ್ಲ?

ಪುಣೆ ಫಿಸಿಯೋ:
ಕೊಲಾಜಿನೇಸ್, ಮಾಮ. ಅಮೆರಿಕದಲ್ಲಿ 2010ರಲ್ಲಿ ಒಪ್ಪಿಗೆ ಸಿಕ್ಕಿತು. ಯುರೋಪಿನ ಮಾರುಕಟ್ಟೆಯಿಂದ 2020ರಲ್ಲಿ ಕಂಪನಿಯೇ ವಾಪಸ್ ತೆಗೆದುಕೊಂಡಿತು. ದುಬಾರಿ ಬೇರೆ. ಅದರ ಹಿಂದೆ ಬೀಳಬೇಡಿ.

ಡೊಂಬಿವಲಿ ಶೆಟ್ರು:
ಈಗಷ್ಟೇ ಟೇಬಲ್ ಮೇಲೆ ಅಂಗೈ ಊರಿಸಿದೆ, ಚಪ್ಪಟೆಯಾಗಿ ಕೂರಲೇ ಇಲ್ಲ. ಬಾಗಿರುವುದು ಬುಡದ ಕೀಲೇ. ಎಲ್ಲಿ ತೋರಿಸಲಿ?

ಮುಲುಂಡ್ ಅಕ್ಕ:
ಮುಂಬೈಯ ಸಯನ್, ಕೆಇಎಂ ಆಸ್ಪತ್ರೆ ಎರಡರಲ್ಲೂ ಪ್ಲಾಸ್ಟಿಕ್ ಸರ್ಜರಿ ವಿಭಾಗ ಇದೆ. ಖಾಸಗಿಯಾದರೆ ಕೈ ಸರ್ಜರಿಯನ್ನೇ ಮಾಡುವವರನ್ನು ಹುಡುಕಿ, ಸೂಜಿ ವಿಧಾನ ಮಾಡುತ್ತೀರಾ ಅಂತ ಫೋನಿನಲ್ಲೇ ಕೇಳಿಕೊಂಡು ಹೋಗಿ. ಅಪ್ಪನ ಮುಂದೆ ಮಾತ್ರ ಆಪರೇಷನ್ ಅನ್ನಬೇಡಿ ಅಂತ ಹೇಳಿಡಿ.