ಓಮ್ನಿ ಗೇರ್‌ಬಾಕ್ಸಿನ ಹಿಂದಿನ ಬುಷ್: ಪುಲ್ಲರ್ ಮಾಡಿಸಬೇಕೇ, ಉಳಿಯಿಂದ ತೆಗೆದರೆ ಸಾಕೇ?

ಪ್ರಶ್ನೆ: ಬಳ್ಳಾರಿ ಓಮ್ನಿ

ಎಲ್ಲರಿಗೂ ನಮಸ್ಕಾರ. ನನ್ನಲ್ಲಿರುವುದು 2012ರ ಓಮ್ನಿ. ಜೀನ್ಸ್ ಹೊಲಿಗೆ ಘಟಕಗಳಿಂದ ವಾಷಿಂಗ್ ಘಟಕಗಳಿಗೆ ಮಾಲು ಸಾಗಿಸುವುದು ಅದರ ನಿತ್ಯದ ಕೆಲಸ. ಗೇರ್‌ಬಾಕ್ಸಿನ ಹಿಂತುದಿಯಲ್ಲಿ, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಒಳಹೋಗುವ ಜಾಗದಿಂದ ಗೇರ್ ಆಯಿಲ್ ಸೋರುತ್ತಿದೆ. ಎಂಟು ತಿಂಗಳಲ್ಲಿ ಎರಡು ಬಾರಿ ಆಯಿಲ್ ಸೀಲ್ ಬದಲಿಸಿಯಾಯಿತು. ಮೊದಲನೆಯದು ಮೂರು ತಿಂಗಳು ನಿಂತಿತು, ಎರಡನೆಯದು ಆರು ವಾರವೂ ನಿಲ್ಲಲಿಲ್ಲ. ಈಗ ಬೇರೆ ಮಿಸ್ತ್ರಿಯೊಬ್ಬರು ಶಾಫ್ಟನ್ನು ಕೈಯಿಂದ ಮೇಲೆ ಕೆಳಗೆ ಅಲ್ಲಾಡಿಸಿ ತೋರಿಸಿ, ಸೀಲಿನಿಂದ ಒಳಗಡೆ ಶಾಫ್ಟನ್ನು ಹಿಡಿದಿಡುವ ಬುಷ್ ಸವೆದಿದೆ ಎಂದರು. ಅದನ್ನು ಗರಗಸದ ಬ್ಲೇಡಿನಿಂದ ಸೀಳಿ ಉಳಿಯಿಂದ ತೆಗೆಯುವುದಾಗಿಯೂ ಹೇಳಿದರು. ಬುಷ್ಷನ್ನು ಹೊರಗೆಳೆಯಲೆಂದೇ ಪುಲ್ಲರ್ ಎಂಬ ಉಪಕರಣ ಇರುತ್ತದೆಂದು ಕೇಳಿದ್ದೇನೆ. ಒಂದೇ ಬುಷ್‌ಗಾಗಿ ಅದನ್ನು ಮಾಡಿಸುವುದು ಅತಿಯಾಯಿತೇ, ಅಥವಾ ಅದಿಲ್ಲದೆ ಕೈಹಾಕುವುದೇ ತಪ್ಪೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ರಾಯಚೂರು ಹಳೇ ಗ್ಯಾರೇಜ್

ನಾನು ಈ ಬುಷ್‌ಗಳನ್ನು ಬ್ಲೇಡಿನಿಂದಲೇ ಸೀಳಿ ತೆಗೆದವನು. ಬುಷ್ ಎಂದರೆ ತೆಳು ತಗಡನ್ನು ಸುತ್ತಿ ಮಾಡಿದ ಬಳೆ, ಅದರಲ್ಲಿ ಒಂದು ಜೋಡಣೆಯ ಗೆರೆ ಇರುತ್ತದೆ. ಆ ಗೆರೆಯ ಹತ್ತಿರ ಸಣ್ಣ ಉಳಿ ಕೊಟ್ಟು ಒಳಕ್ಕೆ ಮಡಚಿದರೆ ತಾನಾಗಿ ಸಡಿಲವಾಗುತ್ತದೆ. ಮಾಡುವ ಕೈ ಪಳಗಿದ್ದರೆ ಪುಲ್ಲರಿನ ಖರ್ಚು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಉತ್ತರ: ಸಿಂಧನೂರು ಮಿಸ್ತ್ರಿ

ಹಿರಿಯರ ಕೈ ಪಳಗಿದ್ದು ನಿಜ, ಆದರೆ ಪ್ರಶ್ನೆ ಕೇಳಿದವರ ಗಾಡಿಗೆ ಯಾರ ಕೈ ಬೀಳುತ್ತದೆಯೋ ನಮಗೆ ಗೊತ್ತಿಲ್ಲ. ಬುಷ್ ಕೂತಿರುವ ಹೌಸಿಂಗ್, ಅಂದರೆ ಹೊರಕವಚ, ಅಲ್ಯೂಮಿನಿಯಂನದು. ಬ್ಲೇಡು ಒಂದು ಎಳೆ ಹೆಚ್ಚು ಇಳಿದರೂ ಬುಷ್ ಕೂರುವ ರಂಧ್ರದಲ್ಲಿ, ಅಂದರೆ ಬೋರಿನಲ್ಲಿ, ಉದ್ದಕ್ಕೆ ಗೀರು ಬೀಳುತ್ತದೆ. ಆಮೇಲೆ ಹೊಸ ಬುಷ್ ಹಾಕಿದರೂ ಬಿಗಿ ಸಾಲದೆ ಅದು ಶಾಫ್ಟಿನ ಜೊತೆ ತಿರುಗಲು ತೊಡಗಿದರೆ ಹೌಸಿಂಗನ್ನೇ ಬದಲಿಸಬೇಕಾಗುತ್ತದೆ.

ಬುಷ್‌ಗೆ ಕೈಹಾಕುವ ಮೊದಲು ಎರಡು ಕಡೆ ನೋಡಿ ಸರ್. ಒಂದು, ಗೇರ್‌ಬಾಕ್ಸಿನ ಮೇಲಿರುವ ಬ್ರೀದರ್, ಅಂದರೆ ಒಳಗಿನ ಗಾಳಿ ಹೊರಹೋಗುವ ರಂಧ್ರ. ಬಳ್ಳಾರಿಯ ಕೆಂಪು ಧೂಳು ಎಣ್ಣೆಯ ಪಸೆಗೆ ಅಂಟಿ ಆ ಸಣ್ಣ ರಂಧ್ರವನ್ನು ಮುಚ್ಚಿಬಿಟ್ಟರೆ, ಬಾಕ್ಸ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ, ಬೇರೆ ದಾರಿಯಿಲ್ಲದೆ ಎಷ್ಟು ಹೊಸದಾದ ಸೀಲಿನ ತುಟಿಯಿಂದಲೂ ಆಯಿಲನ್ನು ಹೊರಕ್ಕೆ ತಳ್ಳುತ್ತದೆ. ಎರಡು, ಶಾಫ್ಟಿನ ಯೋಕ್, ಅಂದರೆ ಗೇರ್‌ಬಾಕ್ಸಿನೊಳಗೆ ಸೇರುವ ಅದರ ಮುಂತುದಿ. ಸೀಲ್ ಉಜ್ಜುವ ಜಾಗದಲ್ಲಿ ಉಗುರಿನಿಂದ ಅಡ್ಡಕ್ಕೆ ಎಳೆಯಿರಿ. ಉಗುರು ಗೆರೆಗೆ ಸಿಕ್ಕಿಕೊಂಡರೆ ಯೋಕ್ ಕೂಡ ಬದಲಾಗಬೇಕು ಅಥವಾ ಅದಕ್ಕೆ ಸ್ಲೀವ್ ಹಾಕಿಸಬೇಕು. ಇವೆರಡೂ ಸರಿಯಿದ್ದು, ಶಾಫ್ಟ್ ಮಾತ್ರ ಮೇಲೆ ಕೆಳಗೆ ಆಡುತ್ತಿದ್ದರೆ ಆಗ ಬುಷ್‌ನದೇ ದೋಷ. ಬುಷ್ ಯೋಕನ್ನು ನಡುಮಧ್ಯೆ ಹಿಡಿದಿಡಬೇಕು. ಅದು ಹಿಡಿಯದಿದ್ದಾಗ ಯೋಕ್ ಸೀಲನ್ನು ಒಂದೇ ಬದಿಗೆ ಒತ್ತುತ್ತಾ ತಿರುಗುತ್ತದೆ. ನಿಮ್ಮ ಸೀಲುಗಳು ನಿಲ್ಲದಿರುವುದು ಹೀಗೆಯೇ ಇರಬಹುದು. ಶಾಫ್ಟಿನ ಕೀಲಿನಲ್ಲಿರುವ ಯು.ಜೆ. (ಯೂನಿವರ್ಸಲ್ ಜಾಯಿಂಟ್) ಕ್ರಾಸ್ ಸವೆದಿದ್ದರೆ ಅದನ್ನೂ ಈಗಲೇ ಹಾಕಿಸಿಕೊಳ್ಳಿ, ಇಲ್ಲವಾದರೆ ಅದರ ಅದುರಾಟ ಹೊಸ ಬುಷ್ಷನ್ನೂ ತಿಂದುಹಾಕುತ್ತದೆ. ಶಾಫ್ಟ್ ಬಿಚ್ಚುವಾಗ ಹಿಂದಿನ ಫ್ಲ್ಯಾಂಜಿಗೂ ಶಾಫ್ಟಿಗೂ ಸೇರಿಸಿ ಬಣ್ಣದ ಗುರುತು ಹಾಕಿಕೊಂಡರೆ ಹಿಂದಿದ್ದಂತೆಯೇ ಕೂಡಿಸಬಹುದು.

ಪುಲ್ಲರಿನ ವಿಷಯಕ್ಕೆ ಬಂದರೆ, ಹೊರಗೆಳೆಯುವುದು ಅರ್ಧ ಕೆಲಸ ಮಾತ್ರ. ಹೊಸ ಬುಷ್ಷನ್ನು ಸೊಟ್ಟವಾಗದಂತೆ ಒಳಗೆ ಕೂಡಿಸುವುದರಲ್ಲೇ ಹೆಚ್ಚಿನವರು ಎಡವುವುದು. ಸಾಕೆಟ್ ಇಟ್ಟು ಸುತ್ತಿಗೆಯಿಂದ ಬಡಿದರೆ ಅಂಚು ಒಳಕ್ಕೆ ಮಡಚುತ್ತದೆ, ಯೋಕ್ ಬಿಗಿದುಕೊಳ್ಳುತ್ತದೆ. ಆದ್ದರಿಂದ ಹಣ ಉಳಿಸಲೇಬೇಕೆಂದಿದ್ದರೆ ಪುಲ್ಲರನ್ನು ಬಿಡಿ, ಬುಷ್ಷನ್ನು ನೇರವಾಗಿ ಒಳತಳ್ಳಿ ಕೂಡಿಸುವ ಮೆಟ್ಟಿಲುಳ್ಳ ದಿಂಡು, ಅಂದರೆ ಡ್ರಿಫ್ಟನ್ನು ಮಾತ್ರ ಬಿಡಬೇಡಿ.

ಉತ್ತರ: ಕೊಪ್ಪಳ ಲೇತ್

ಎರಡನ್ನೂ ಲೇತ್ ಅಂಗಡಿಯಲ್ಲಿ ಮಾಡಿಸಬಹುದು, ಹೊಸ ಬುಷ್ಷನ್ನು ಜೊತೆಗೆ ತೆಗೆದುಕೊಂಡು ಹೋಗಿ. ಡ್ರಿಫ್ಟಿಗೆ ಇಎನ್-8 ಎಂಬ ಉಕ್ಕಿನ ಕಂಬಿ ಸಾಕು. ಮುಂದಿನ ಮೆಟ್ಟಿಲು ಬುಷ್‌ನ ಒಳ ಅಳತೆಗಿಂತ ಕೂದಲೆಳೆಯಷ್ಟು, ಸುಮಾರು 0.05 ಮಿ.ಮೀ. ಕಡಿಮೆಯಿರಲಿ. ಹಿಂದಿನ ಭುಜ ಹೊರ ಅಳತೆಗಿಂತ 0.3 ಮಿ.ಮೀ. ಕಡಿಮೆಯಿದ್ದರೆ ಬೋರಿಗೆ ತಾಗುವುದಿಲ್ಲ. ಹಳೆಯ ಬುಷ್ ತೆಗೆಯುವ ಮೊದಲೇ ಅದು ಅಂಚಿನಿಂದ ಎಷ್ಟು ಒಳಗಿದೆ ಎಂದು ವರ್ನಿಯರ್ ಅಳತೆಗೋಲಿನ ಬಾಲದಿಂದ (ಆಳ ಅಳೆಯುವ ಕಡ್ಡಿಯಿಂದ) ಅಳೆದು ಬರೆದಿಟ್ಟುಕೊಳ್ಳಿ; ಆ ಅಳತೆಗೆ ಡ್ರಿಫ್ಟಿನ ಮೇಲೆ ಒಂದು ಗೆರೆ ಹಾಕಿಸಿ.

ಪುಲ್ಲರ್ ಸ್ವಲ್ಪ ನಾಜೂಕಿನ ಕೆಲಸ. ಹೌಸಿಂಗ್ ಗಾಡಿಯಲ್ಲೇ ಇರುವಾಗ ಒಳಗೆ ಮೇನ್ ಶಾಫ್ಟಿನ ತುದಿ ಅಡ್ಡ ಇರುವುದರಿಂದ ಉಪಕರಣ ಟೊಳ್ಳಾಗಿರಬೇಕು. ತುದಿಯಲ್ಲಿ ಹೊರಕ್ಕೆ ಸಣ್ಣ ತುಟಿಯಿರುವ ಕೊಳವೆಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ, ಒತ್ತಿ ಒಳಸೇರಿಸಿ, ಇನ್ನೊಂದು ಕೊಳವೆಯನ್ನು ಬೆಣೆಯಂತೆ ತೂರಿಸಿದಾಗ ತುಟಿ ಅಗಲವಾಗಿ ಬುಷ್‌ನ ಹಿಂದಿನ ಅಂಚನ್ನು ಹಿಡಿಯುತ್ತದೆ. ಹೌಸಿಂಗಿನ ಬಾಯಿಗೆ ಒಂದು ಬಟ್ಟಲು ಒರಗಿಸಿ ನಟ್ ತಿರುಗಿಸುತ್ತಾ ಹೋದರೆ ಬುಷ್ ನಿಧಾನವಾಗಿ ಬಟ್ಟಲೊಳಕ್ಕೆ ಬರುತ್ತದೆ. ಬಡಿಯುವ ಪ್ರಮೇಯವೇ ಇಲ್ಲ.

ಹೌಸಿಂಗ್ ಹೇಗೂ ಬಿಚ್ಚಿದ್ದರೆ ಇನ್ನೊಂದು ಸುಲಭ ದಾರಿ ಉಂಟು. ಅದನ್ನು ಕುದಿಯುವ ನೀರಿನಲ್ಲಿಟ್ಟು ತೆಗೆಯಿರಿ. 40 ಮಿ.ಮೀ. ಬೋರ್ ಎಂದು ಹಿಡಿದರೆ, 30 ಡಿಗ್ರಿಯಿಂದ 100 ಡಿಗ್ರಿಗೆ ಏರುವಷ್ಟರಲ್ಲಿ ಅಲ್ಯೂಮಿನಿಯಂ ಬೋರ್ ಸುಮಾರು 0.06 ಮಿ.ಮೀ. ಅಗಲವಾಗುತ್ತದೆ. ರಾತ್ರಿಯೆಲ್ಲ ಫ್ರೀಜರಿನಲ್ಲಿಟ್ಟ ಬುಷ್ಷನ್ನು ಆ ಗಳಿಗೆಯಲ್ಲೇ ತಳ್ಳಿದರೆ ಎಷ್ಟೋ ಹಗುರವಾಗಿ ಕೂರುತ್ತದೆ. ತಡಮಾಡಿದರೆ ನಡುದಾರಿಯಲ್ಲೇ ಕಚ್ಚಿಕೊಳ್ಳುತ್ತದೆ, ಆದ್ದರಿಂದ ಎಲ್ಲವನ್ನೂ ಮೊದಲೇ ಹೊಂದಿಸಿಟ್ಟುಕೊಳ್ಳಿ. ಬುಷ್‌ನಲ್ಲಿ ಆಯಿಲ್ ರಂಧ್ರವಿದ್ದರೆ ಅದು ಹೌಸಿಂಗಿನ ಆಯಿಲ್ ದಾರಿಗೆ ಎದುರಾಗಿಯೇ ನಿಲ್ಲಬೇಕು. ಒಮ್ಮೆ ಕೂತ ಮೇಲೆ ತಿರುಗಿಸಲು ಬರುವುದಿಲ್ಲ.

ಮರುಬರಹ: ಬಳ್ಳಾರಿ ಓಮ್ನಿ

ಮೂವರಿಗೂ ವಂದನೆಗಳು. ಬ್ರೀದರ್ ತೆಗೆದು ನೋಡಿದರೆ ಅದರ ಬಾಯಿಗೆ ಕೆಂಪು ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಡೀಸೆಲಿನಲ್ಲಿ ನೆನೆಸಿ ತಂತಿಯಿಂದ ಬಿಡಿಸಬೇಕಾಯಿತು. ಆದರೂ ಶಾಫ್ಟ್ ಆಡುತ್ತಿದ್ದುದರಿಂದ ಬುಷ್ ಕೆಲಸವನ್ನು ಮುಂದೂಡಲಿಲ್ಲ. ಲೇತಿನವರಿಂದ ಪುಲ್ಲರ್, ಡ್ರಿಫ್ಟ್ ಎರಡನ್ನೂ ಮಾಡಿಸಿದೆ. ಮಿಸ್ತ್ರಿಯವರು ಮೊದಲು ನಕ್ಕರು, ನಾಲ್ಕನೇ ಸುತ್ತಿಗೆ ಬುಷ್ ಇಣುಕಿದಾಗ ಸುಮ್ಮನಾದರು. ಹೊರಬಂದ ಬುಷ್‌ನ ಮೇಲಿನ ಅರ್ಧ ಇನ್ನೂ ಬೂದು ಬಣ್ಣದಲ್ಲಿತ್ತು. ಕೆಳಗಿನ ಅರ್ಧದಲ್ಲಿ ಲೇಪ ಪೂರ್ತಿ ಸವೆದು ತಾಮ್ರದ ಬಣ್ಣ ಹೊಳೆಯುತ್ತಿತ್ತು. ಯೋಕಿನಲ್ಲಿ ಉಗುರು ಸಿಕ್ಕಿಕೊಳ್ಳಲಿಲ್ಲ, ಹಾಗಾಗಿ ಹಳೆಯದನ್ನೇ ಹಾಕಿದ್ದೇವೆ.

ಸೀಲಿನ ತುಟಿಗೆ ಗ್ರೀಸ್ ಸವರಿ, ಯೋಕಿಗೆ ಗೇರ್ ಆಯಿಲ್ ಹಚ್ಚಿ ಕೂಡಿಸಿದೆವು, ಕೈಯಿಂದಲೇ ಸರಾಗವಾಗಿ ಜಾರಿತು. ರಾತ್ರಿ ಗಾಡಿಯಡಿ ರಟ್ಟು ಹಾಸಿ ಬೆಳಿಗ್ಗೆ ನೋಡುತ್ತಿದ್ದೇನೆ. ಇಂದಿಗೆ ಇಪ್ಪತ್ತು ದಿನ, ಒಂದು ಹನಿಯೂ ಬಿದ್ದಿಲ್ಲ. ಪುಲ್ಲರನ್ನು ಆ ಲೇತ್ ಅಂಗಡಿಯಲ್ಲೇ ಬಿಟ್ಟಿದ್ದೇನೆ. ಬಳ್ಳಾರಿ ಕಡೆಯ ಓಮ್ನಿಯವರು ಯಾರಿಗಾದರೂ ಬೇಕಿದ್ದರೆ ಇಲ್ಲಿ ಬರೆಯಿರಿ, ಕೊಡಿಸುತ್ತೇನೆ.