ಪ್ರಬಂಧದಿಂದ ಉದ್ಯಮಕ್ಕೆ: ನಮ್ಮ ಗುಂಪಿನ ಪ್ರಶ್ನೋತ್ತರ

ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಪಿಎಚ್.ಡಿ. ಮತ್ತು ಪೋಸ್ಟ್‌ಡಾಕ್ ಹಂತದ ಸಂಶೋಧನೆಯನ್ನು ಉದ್ಯಮವಾಗಿಸುವ ಬಗ್ಗೆ ಶಿವಮೊಗ್ಗದ ಪೇಟೆಂಟ್ ಏಜೆಂಟ್ ಮೇಡಂ ಇಂದು ಸಂಜೆ ಉತ್ತರಿಸುತ್ತಾರೆ. ಗುಂಪಿನಲ್ಲಿ ಬೆಳೆಗಾರರೂ ಇದ್ದಾರೆ, ಅವರೂ ಕೇಳಬಹುದು. ದಯವಿಟ್ಟು ಫಾರ್ವರ್ಡ್ ಸಂದೇಶ ಹಾಕಬೇಡಿ.

ಸಂಶೋಧನಾ ವಿದ್ಯಾರ್ಥಿನಿ, ತೀರ್ಥಹಳ್ಳಿ: [ಈ ಸಂದೇಶವನ್ನು ಅಳಿಸಲಾಗಿದೆ]

ಮೇಡಂ: ಅಮ್ಮಾ, ಈಗ ಹಾಕಿದ ಸಂದೇಶವನ್ನು ತಕ್ಷಣ ಅಳಿಸಿ. ಯಾವ ಸೂಕ್ಷ್ಮಜೀವಿ, ಯಾವ ಎಣ್ಣೆ, ಯಾವ ಪ್ರಮಾಣ ಎಂದೆಲ್ಲ ನೂರಾರು ಜನರಿರುವ ಗುಂಪಿನಲ್ಲಿ ಬರೆದರೆ ಅದೂ ಪ್ರಕಟಣೆಯೇ ಎಂದು ನಾಳೆ ಯಾರಾದರೂ ವಾದಿಸಬಹುದು. ಓದಿದವರು ಯಾರೂ ಅದನ್ನು ಬೇರೆಲ್ಲಿಗೂ ಕಳಿಸಬೇಡಿ. ಒಳಗಿನ ವಿವರ ಬಿಟ್ಟು ಪ್ರಶ್ನೆಯನ್ನು ಮತ್ತೆ ಕೇಳಿ.

ಸಂಶೋಧನಾ ವಿದ್ಯಾರ್ಥಿನಿ, ತೀರ್ಥಹಳ್ಳಿ: ಕ್ಷಮಿಸಿ ಮೇಡಂ, ಅಳಿಸಿದ್ದೇನೆ. ಅಡಿಕೆಯ ಕೊಳೆರೋಗಕ್ಕೆ ತೋಟದ ಮಣ್ಣಿನಿಂದಲೇ ಬೇರ್ಪಡಿಸಿದ ಒಂದು ಸೂಕ್ಷ್ಮಜೀವಿ ಮತ್ತು ಅದು ಮಳೆಯಲ್ಲೂ ಗೊನೆಗೆ ಅಂಟಿಕೊಳ್ಳುವಂತೆ ಮಾಡುವ ಒಂದು ಮಿಶ್ರಣ ನನ್ನ ಪ್ರಬಂಧದ ವಿಷಯ. ಮೌಖಿಕ ಪರೀಕ್ಷೆ ಇನ್ನು ಹನ್ನೆರಡು ದಿನಕ್ಕೆ ಇದೆ. ಆಮೇಲೆ ಪ್ರಬಂಧ ಶೋಧಗಂಗಾಕ್ಕೆ, ಅಂದರೆ ಪಿಎಚ್.ಡಿ. ಪ್ರಬಂಧಗಳನ್ನು ಯಾರು ಬೇಕಾದರೂ ಓದಬಹುದಾದ ಜಾಲತಾಣಕ್ಕೆ, ಹೋಗುತ್ತದೆ. ನಾಲ್ಕು ತಿಂಗಳ ಹಿಂದೆ ಒಂದು ಸಮ್ಮೇಳನದಲ್ಲಿ ಪೋಸ್ಟರ್ ಹಾಕಿದ್ದೆ. ಕಂಪನಿ ಮಾಡಬೇಕು ಎಂಬ ಆಸೆ ಇದೆ. ಮೊದಲು ಏನು ಮಾಡಲಿ?

ಸದಸ್ಯ, ಸೊರಬ: ಮೇಡಂ, ಕಂಪನಿ ಮೊದಲೋ ಪೇಟೆಂಟ್ ಮೊದಲೋ?

ಮೇಡಂ: ತೀರ್ಥಹಳ್ಳಿಯವರಿಗೆ ಮೊದಲು ಉತ್ತರಿಸುತ್ತೇನೆ, ಉಳಿದವರು ಕಾಯಿರಿ. ಇಲ್ಲಿ ದಿನಗಳ ಲೆಕ್ಕವಿದೆ.

ಶೋಧಗಂಗಾದಲ್ಲಿ ಪ್ರಬಂಧ ಕಾಣಿಸಿಕೊಂಡ ದಿನ ಅದರೊಳಗಿನ ಎಲ್ಲವೂ ಲೋಕಕ್ಕೆ ಗೊತ್ತಿರುವ ವಿಷಯವಾಗುತ್ತದೆ. ನಂತರ ಹಾಕಿದ ಅರ್ಜಿಯನ್ನು ಹೊಸತನವಿಲ್ಲ ಎಂದು ತಿರಸ್ಕರಿಸಲು ನಿಮ್ಮ ಪ್ರಬಂಧವೇ ಸಾಕು. ಆದ್ದರಿಂದ ನಾಳೆ ಬೆಳಿಗ್ಗೆಯೇ ಮಾರ್ಗದರ್ಶಕರಿಗೂ ವಿಶ್ವವಿದ್ಯಾಲಯದ ಬೌದ್ಧಿಕ ಆಸ್ತಿ ಘಟಕಕ್ಕೂ ಪತ್ರ ಕೊಡಿ. ಪ್ರಬಂಧವನ್ನು ಜಾಲತಾಣಕ್ಕೆ ಹಾಕುವುದನ್ನು ಕೆಲವು ತಿಂಗಳು ತಡೆಹಿಡಿಯಬೇಕೆಂದೂ ಮೌಖಿಕ ಪರೀಕ್ಷೆಗೆ ಹೊರಗಿನವರನ್ನು ಬಿಡುವುದಾದರೆ ಗೌಪ್ಯತಾ ಪತ್ರಕ್ಕೆ ಸಹಿ ಪಡೆಯಬೇಕೆಂದೂ ಅದರಲ್ಲಿ ಕೇಳಿ. ಬಾಯಿಮಾತು ಸಾಲದು, ಸ್ವೀಕೃತಿಯ ಮೊಹರು ಬೇಕು.

ಪೋಸ್ಟರ್ ನನಗೆ ಹೆಚ್ಚು ಚಿಂತೆಯ ವಿಷಯ. ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧಕ್ಕೆ ನಮ್ಮ ಪೇಟೆಂಟ್ ಕಾಯಿದೆಯ 31ನೇ ಸೆಕ್ಷನ್ ಹನ್ನೆರಡು ತಿಂಗಳ ರಿಯಾಯಿತಿ ಕೊಡುತ್ತದೆ. ಆದರೆ ಆ ಬಾಗಿಲು ಬಹಳ ಕಿರಿದು, ಯುರೋಪಿನಲ್ಲಿ ಅಷ್ಟೂ ಇಲ್ಲ. ಅದನ್ನು ನಂಬಿ ಕೂರಬೇಡಿ. ಪೋಸ್ಟರ್‌ನಲ್ಲಿ ನಿಜವಾಗಿ ಏನೇನು ಇತ್ತು ಎಂದು ಮೂಲ ಕಡತ ತೆಗೆದು ನೋಡಿ ಹೇಳಿ. ಪ್ರಮಾಣದ ಪಟ್ಟಿ ಇತ್ತೇ?

ಇನ್ನು ಯಾವುದಕ್ಕೆ ಪೇಟೆಂಟ್ ಸಿಗುತ್ತದೆ ಎಂಬುದು. ಮಣ್ಣಿನಲ್ಲಿ ಇದ್ದ ಹಾಗೆಯೇ ಇರುವ ಜೀವಿಯನ್ನು ಕಂಡುಹಿಡಿದರೆ ಸಿಗುವುದಿಲ್ಲ, ಪೇಟೆಂಟ್ ಕಾಯಿದೆಯ ಸೆಕ್ಷನ್ 3(ಸಿ). ಸಿಂಪಡಿಸುವ ವಿಧಾನ ಕೃಷಿ ವಿಧಾನವಾಗುತ್ತದೆ, 3(ಎಚ್), ಅದಕ್ಕೂ ಇಲ್ಲ. ಉಳಿಯುವುದು ನಿಮ್ಮ ಮಿಶ್ರಣ. ಎರಡು ವಸ್ತುಗಳನ್ನು ಬರಿದೇ ಬೆರೆಸಿದರೆ 3(ಇ) ಅಡ್ಡ ಬರುತ್ತದೆ. ಬೆರೆತಾಗ ಪ್ರತ್ಯೇಕವಾಗಿದ್ದಾಗಿನ ಗುಣಗಳ ಮೊತ್ತಕ್ಕಿಂತ ಹೆಚ್ಚಿನ ಪರಿಣಾಮ ಬಂದಿದೆ ಎಂದು ಅಂಕಿಗಳಲ್ಲಿ ತೋರಿಸಬೇಕು. ಎಣ್ಣೆ ಮಾತ್ರ, ಜೀವಿ ಮಾತ್ರ, ಎರಡೂ ಸೇರಿ, ಹೀಗೆ ಮೂರೂ ಪ್ರಯೋಗಗಳು ನಿಮ್ಮ ದಾಖಲೆ ಪುಸ್ತಕದಲ್ಲಿ ಇವೆಯೇ? ಜೀವಿ ಸಾರ್ವಜನಿಕರಿಗೆ ಸಿಗುವಂಥದ್ದಲ್ಲದಿದ್ದರೆ ಅರ್ಜಿಯ ದಿನಾಂಕಕ್ಕೆ ಮೊದಲೇ ಅದನ್ನು ಚಂಡೀಗಢದ ಎಂಟಿಸಿಸಿಯಂಥ ಬುಡಾಪೆಸ್ಟ್ ಒಪ್ಪಂದದ ಮಾನ್ಯತೆ ಇರುವ ಸೂಕ್ಷ್ಮಜೀವಿ ಸಂಗ್ರಹಾಲಯದಲ್ಲಿ ಠೇವಣಿ ಇಡಬೇಕು. ಪ್ರೊವಿಷನಲ್, ಅಂದರೆ ತಾತ್ಕಾಲಿಕ ವಿವರದ, ಅರ್ಜಿಗೆ ವ್ಯಕ್ತಿಯೊಬ್ಬರು ಆನ್‌ಲೈನ್‌ನಲ್ಲಿ ಕಟ್ಟುವ ಸರ್ಕಾರಿ ಶುಲ್ಕ 1,600 ರೂಪಾಯಿ. ಅಲ್ಲಿಂದ ಹನ್ನೆರಡು ತಿಂಗಳೊಳಗೆ ಪೂರ್ಣ ವಿವರ ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ.

ಜೀವಿ ನಮ್ಮ ಮಣ್ಣಿನದು. ಜೀವವೈವಿಧ್ಯ ಕಾಯಿದೆಗೆ 2023ರಲ್ಲಿ ಆದ ತಿದ್ದುಪಡಿಯ ಪ್ರಕಾರ ಪೇಟೆಂಟ್ ಮಂಜೂರಾಗುವ ಮೊದಲು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಬೇಕು. ಮಾರುಕಟ್ಟೆಗೆ ತರುವಾಗ ಅನುಮತಿ ಬೇರೆ.

ನನ್ನ ಬಳಿ ಬರುವ ಸಂಶೋಧಕರಲ್ಲಿ ಬಹುಮಂದಿ ಪೇಟೆಂಟ್ ಸಿಕ್ಕರೆ ಮಾರಬಹುದು ಎಂದುಕೊಂಡಿರುತ್ತಾರೆ. ಹಾಗಲ್ಲ. ರೋಗ ತಡೆಯುವ ಜೈವಿಕ ಔಷಧವೂ 1968ರ ಕೀಟನಾಶಕ ಕಾಯಿದೆಯಡಿ ನೋಂದಣಿಯಾಗಬೇಕು. 9(3ಬಿ) ಅಡಿ ತಾತ್ಕಾಲಿಕ ನೋಂದಣಿ ಸಿಕ್ಕರೂ ಅದಕ್ಕೆ ಎರಡು ವರ್ಷದ ಮಿತಿ ಇದೆ. ವಿಷತ್ವ, ಪರಿಣಾಮ, ಬಾಳಿಕೆ, ಎಲ್ಲದರ ಮಾಹಿತಿ ಬೇಕು. ನಿಮ್ಮ ಹಣ, ವರ್ಷ ಎರಡೂ ಕರಗುವುದು ಅಲ್ಲಿ.

ಕೊನೆಗೆ ಮಳೆಗಾಲದ ಲೆಕ್ಕ. ಜೈವಿಕ ತಂತ್ರಜ್ಞಾನ ಉದ್ಯಮಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಸಂಸ್ಥೆ ಬೈರಾಕ್‌ನ ಬಿಗ್ ಅನುದಾನ ಗರಿಷ್ಠ 50 ಲಕ್ಷ, ಅವಧಿ 18 ತಿಂಗಳು. ಹಣ ಏಪ್ರಿಲ್‌ನಲ್ಲಿ ಕೈಸೇರಿದರೆ ನಿಮಗೆ ಎರಡು ಮಳೆಗಾಲ ಸಿಗುತ್ತವೆ. ಜುಲೈನಲ್ಲಿ ಸೇರಿದರೆ ಮೊದಲ ಸಿಂಪಡಣೆ ಆಗಲೇ ಮುಗಿದಿರುತ್ತದೆ, ಪೂರ್ಣವಾಗಿ ಸಿಗುವುದು ಒಂದೇ ಮಳೆಗಾಲ. ಬೆಂಗಳೂರಿನ ಪ್ರಯೋಗಾಲಯದವರು ಇದನ್ನು ಯೋಚಿಸಬೇಕಾಗಿಲ್ಲ, ಆಗುಂಬೆಯ ಮಳೆಯಲ್ಲಿ ಪರೀಕ್ಷೆ ಮಾಡಬೇಕಾದ ನೀವು ಯೋಚಿಸಬೇಕು.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2011ರಲ್ಲಿ ಆರಂಭಿಸಿದ ಐ-ಕೋರ್ ತರಬೇತಿಯಲ್ಲಿ ಸಂಶೋಧಕರು ಏಳು ವಾರಗಳಲ್ಲಿ ಕನಿಷ್ಠ ನೂರು ಗ್ರಾಹಕರನ್ನು ಮಾತನಾಡಿಸಿ ಬರಬೇಕು. ನಿಮಗೆ ನೂರು ಬೇಡ. ಮೂವತ್ತು ತೋಟಕ್ಕೆ ಹೋಗಿ. ವಸ್ತುವಿನ ಗುಟ್ಟು ಹೇಳಬೇಡಿ, ಅವರ ಕಷ್ಟ ಕೇಳಿ. ಔಷಧಿ ಹೊಡೆಯುವವರನ್ನೂ ಕೇಳಿ: ದೋಟಿಯ ತುದಿಯ ನಾಝಲ್ ಕಟ್ಟಿಕೊಳ್ಳುತ್ತದೆಯೇ? ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆದ ಗೊನೆಯ ಮೇಲೆ ನಿಮ್ಮ ಜೀವಿ ಬದುಕುತ್ತದೆಯೇ? ಬೆಳೆಗಾರ ಬೋರ್ಡೋವನ್ನು ಒಂದೇ ವರ್ಷಕ್ಕೆ ಬಿಡುವುದಿಲ್ಲ.

ಸಂಶೋಧನಾ ವಿದ್ಯಾರ್ಥಿನಿ, ತೀರ್ಥಹಳ್ಳಿ: ತುಂಬಾ ಉಪಕಾರವಾಯಿತು ಮೇಡಂ. ಪೋಸ್ಟರ್ ಹುಡುಕುತ್ತೇನೆ.

ಸದಸ್ಯ, ಸೊರಬ: ಫಾರ್ವರ್ಡ್ ಸಂದೇಶ: ನಿಮ್ಮ ಆವಿಷ್ಕಾರವನ್ನು ಬರೆದು, ಲಕೋಟೆಯಲ್ಲಿ ಮುಚ್ಚಿ, ನಿಮ್ಮದೇ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿಕೊಳ್ಳಿ. ಅಂಚೆ ಮೊಹರೇ ನಿಮ್ಮ ಪೇಟೆಂಟ್, ಒಂದು ರೂಪಾಯಿ ಏಜೆಂಟರಿಗೆ ಕೊಡಬೇಕಾಗಿಲ್ಲ.

ಮೇಡಂ: ಇದು ಸುಳ್ಳು. ಭಾರತದಲ್ಲಿ ಅರ್ಜಿ ಹಾಕಿದ ದಿನಾಂಕಕ್ಕೆ ಬೆಲೆ, ಲಕೋಟೆಗೆ ಅಲ್ಲ. ಇದನ್ನು ನಂಬಿ ಎರಡು ವರ್ಷ ಲಕೋಟೆಯನ್ನು ಬೀರುವಿನಲ್ಲಿಟ್ಟಿದ್ದ ಒಬ್ಬ ಹುಡುಗ ನನ್ನ ಎದುರು ಕುಳಿತು ಅತ್ತಿದ್ದಾನೆ. ಅಷ್ಟರಲ್ಲಿ ಬೇರೆಯವರು ಅರ್ಜಿ ಹಾಕಿದ್ದರು. ದಯವಿಟ್ಟು ಅಳಿಸಿ.

ಕಂಪ್ಯೂಟರ್ ವಿಜ್ಞಾನ ಪಿಎಚ್.ಡಿ., ಭದ್ರಾವತಿ: ಎಲೆಯ ಫೋಟೊ ನೋಡಿ ಎಲೆಚುಕ್ಕೆ ರೋಗ ಗುರುತಿಸುವ ಆ್ಯಪ್ ಮಾಡಿದ್ದೇನೆ. ಪೇಟೆಂಟ್?

ಮೇಡಂ: ಪ್ರೋಗ್ರಾಮಿಗೆ ಮಾತ್ರ ಎಂದಾದರೆ ಇಲ್ಲ, 3(ಕೆ). ನಿಮ್ಮ ನಿಜವಾದ ಆಸ್ತಿ ನೀವು ತೆಗೆದ ಫೋಟೊಗಳು. ತೋಟದವರ ಒಪ್ಪಿಗೆ ಬರವಣಿಗೆಯಲ್ಲಿ ಇದೆಯೇ ನೋಡಿಕೊಳ್ಳಿ.

ಅಡಿಕೆ ಬೆಳೆಗಾರರು, ಹೊಸನಗರ: ಮೇಡಂ, ಒಂದು ಮಾತು. ಗೊನೆಗೆ ಅಂಟಿಕೊಳ್ಳಲಿ ಎಂದು ಬೋರ್ಡೋಗೆ ರಾಳ, ಸೋಡಾ ಕಾಯಿಸಿ ಸೇರಿಸುವುದನ್ನು ನಾನು ಚಿಕ್ಕವನಿದ್ದಾಗಿನಿಂದ ನೋಡಿದ್ದೇನೆ. ಅದಕ್ಕೂ ಹಿಂದೆ ಮಳೆ ತಾಗದಂತೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರು. ಮಣ್ಣು ನಮ್ಮದು, ಉಪಾಯ ನಮ್ಮ ಹಿರಿಯರದು. ಇವರು ಪೇಟೆಂಟ್ ಮಾಡಿಕೊಂಡು ನಮಗೇ ಮಾರುವುದೇ?

ಪ್ರಾಧ್ಯಾಪಕರು, ಶಿವಮೊಗ್ಗ: ಸ್ವಾಮಿ, ಐದು ವರ್ಷ ಪ್ರಯೋಗಾಲಯದಲ್ಲಿ ಕುಳಿತವರ ಶ್ರಮವನ್ನು ಹೀಗೆ ತಳ್ಳಿಹಾಕಬಾರದು. ರಾಳಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಅಡಿಕೆ ಬೆಳೆಗಾರರು, ಹೊಸನಗರ: ಸಂಬಂಧ ಇಲ್ಲ ಎಂದು ನಿಮಗೆ ಹೇಗೆ ಗೊತ್ತು? ಅವರು ಸಂದೇಶ ಅಳಿಸಿದ್ದಾರೆ. ನಮ್ಮ ತೋಟಕ್ಕೆ ಬಂದು ಮಣ್ಣು ಅಗೆದುಕೊಂಡು ಹೋದವರಲ್ಲಿ ಎಷ್ಟು ಮಂದಿ ಫಲಿತಾಂಶ ಹೇಳಲು ತಿರುಗಿ ಬಂದಿದ್ದಾರೆ, ಹೇಳಿ.

ಪ್ರಾಧ್ಯಾಪಕರು, ಶಿವಮೊಗ್ಗ: ಪ್ರಬಂಧಗಳು ಗ್ರಂಥಾಲಯದಲ್ಲಿ ಇರುತ್ತವೆ, ಓದಬಹುದು.

ಅಡಿಕೆ ಬೆಳೆಗಾರರು, ಹೊಸನಗರ: ಇಂಗ್ಲಿಷಿನಲ್ಲಿ.

ಮೇಡಂ: ಇಬ್ಬರೂ ನಿಲ್ಲಿಸಿ. ಹೊಸನಗರದವರು ಹೇಳಿದ್ದು ತಕರಾರಲ್ಲ, ಈ ಇಡೀ ಚರ್ಚೆಯಲ್ಲಿ ಬಂದ ಅತ್ಯಂತ ಉಪಯುಕ್ತ ಮಾತು. ಪರಂಪರೆಯಿಂದ ಬಂದ ಜ್ಞಾನಕ್ಕೆ 3(ಪಿ) ಅಡಿ ಪೇಟೆಂಟ್ ಇಲ್ಲ. ಕೊಳೆರೋಗದ ಬಗ್ಗೆ ಲೆಸ್ಲಿ ಕೋಲ್‌ಮನ್ ಮೈಸೂರು ಸಂಸ್ಥಾನದಲ್ಲಿ ಬರೆದದ್ದು 1910ರಲ್ಲಿ, ಅಂದರೆ ನೂರು ವರ್ಷಕ್ಕೂ ಹಿಂದಿನ ದಾಖಲೆ ಎದುರಿಗಿದೆ. ತೀರ್ಥಹಳ್ಳಿಯವರೇ, ರಾಳದ ಸಂಗತಿಯನ್ನು ಮುಚ್ಚಿಡಬೇಡಿ. ಅರ್ಜಿಯಲ್ಲಿ ನೀವೇ ಬರೆದು, ನಿಮ್ಮ ಮಿಶ್ರಣ ಅದಕ್ಕಿಂತ ಹೇಗೆ ಬೇರೆ ಎಂದು ತೋರಿಸಿ. ರಾಳ ಹಾಕಿದ ದ್ರಾವಣದ ಜೊತೆಗೆ ಹೋಲಿಕೆ ಪ್ರಯೋಗ ಆಗಿಲ್ಲದಿದ್ದರೆ ಈ ಮಳೆಗಾಲದಲ್ಲೇ ಮಾಡಿ. ಬೆಳೆಗಾರರ ಪಾಲಿನ ಪ್ರಶ್ನೆಗೆ ಜೀವವೈವಿಧ್ಯ ಕಾಯಿದೆಯಲ್ಲಿ ಲಾಭ ಹಂಚಿಕೆಯ ವ್ಯವಸ್ಥೆ ಇದೆ, ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ಕೇಳಿ.

ಪೋಸ್ಟ್‌ಡಾಕ್, ಊರು ಸಾಗರ, ಸದ್ಯ ಜರ್ಮನಿ: ಮೇಡಂ, ಮಂಗನ ಕಾಯಿಲೆಗೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಬಳಸಬಹುದಾದ ಪರೀಕ್ಷಾ ಕಿಟ್ ಮಾಡುವ ಯೋಚನೆ ಇದೆ. ಊರಿಗೆ ಮರಳಿ ಕಂಪನಿ ಮಾಡಬೇಕೆಂದಿದ್ದೇನೆ. ನನ್ನ ಮಾವ ಈ ಕಾಯಿಲೆಯಿಂದಲೇ ತೀರಿಕೊಂಡರು.

ಮೇಡಂ: ಮರಳಿ ಬರುವ ನಿಮ್ಮ ಯೋಚನೆ ನನಗೆ ಸಂತೋಷ ಕೊಟ್ಟಿತು. 1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆಗೆ ಇಂದಿಗೂ ನಮ್ಮವರು ಹೆದರುತ್ತಿದ್ದಾರೆ. ಆದರೆ ರಾಜೀನಾಮೆ ಕೊಡುವ ಮೊದಲು ಅಲ್ಲಿನ ಸಂಸ್ಥೆಯ ಜೊತೆಗಿನ ಒಪ್ಪಂದವನ್ನು ಸಾಲು ಸಾಲಾಗಿ ಓದಿ. ಅಲ್ಲಿ ಕೆಲಸದಲ್ಲಿದ್ದಾಗ ಮಾಡಿದ್ದು ಅವರದ್ದಾಗಿರಬಹುದು. ಜೀವಂತ ವೈರಾಣುವಿನ ಕೆಲಸಕ್ಕೆ ಉನ್ನತ ಜೈವಿಕ ಸುರಕ್ಷತೆಯ ಪ್ರಯೋಗಾಲಯ ಬೇಕು, ಬಾಡಿಗೆ ಕಟ್ಟಡದಲ್ಲಿ ಆಗದು. ಕಿಟ್‌ಗೆ 2017ರ ವೈದ್ಯಕೀಯ ಸಾಧನ ನಿಯಮಗಳಡಿ ಪರವಾನಗಿ ಬೇಕು. ಕೊಳ್ಳುವವರು ಬಹುತೇಕ ಸರ್ಕಾರದ ಆರೋಗ್ಯ ಇಲಾಖೆಯವರೇ, ಅದೂ ಕಾಯಿಲೆ ಕಾಣಿಸಿಕೊಳ್ಳುವ ಡಿಸೆಂಬರಿನಿಂದ ಮೇವರೆಗಿನ ಅವಧಿಗೆ. ಒಂದೇ ಕಾಯಿಲೆಯ ಕಿಟ್‌ನಿಂದ ಕಂಪನಿ ನಿಲ್ಲುವುದಿಲ್ಲ. ಅದೇ ಋತುವಿನಲ್ಲಿ ಬರುವ ಬೇರೆ ಜ್ವರಗಳನ್ನೂ ಗುರುತಿಸಬಲ್ಲದೇ ಎಂದು ಯೋಚಿಸಿ.

ಸದಸ್ಯ, ಸಾಗರ: ಹಾಳೆ ತಟ್ಟೆ ಮಾಡುವ ಯಂತ್ರದಲ್ಲಿ ಒಂದು ಬದಲಾವಣೆ ಮಾಡಿದ್ದೇನೆ, ಅದಕ್ಕೆ ಸಿಗುತ್ತದೆಯೇ?

ಪಿಎಚ್.ಡಿ. ವಿದ್ಯಾರ್ಥಿ, ಶಂಕರಘಟ್ಟ: ಮಾರ್ಗದರ್ಶಕರ ಹೆಸರನ್ನು ಆವಿಷ್ಕಾರಕರ ಪಟ್ಟಿಯಲ್ಲಿ ಹಾಕಲೇಬೇಕೇ? ಆವಿಷ್ಕಾರ ಯಾರದು?

ಮೇಡಂ: ಆಲೋಚನೆಗೆ ನಿಜವಾಗಿ ಏನಾದರೂ ಸೇರಿಸಿದ್ದರೆ ಹಾಕಬೇಕು. ಸಹಿ ಮಾಡಿದ್ದಾರೆ ಎಂಬುದಷ್ಟೇ ಸಾಲದು. ಒಡೆತನ ಬೇರೆ ಪ್ರಶ್ನೆ. ಸರ್ಕಾರದ ಹಣದಲ್ಲಿ ಮಾಡಿದ ಆವಿಷ್ಕಾರದ ಒಡೆತನವನ್ನು ವಿಶ್ವವಿದ್ಯಾಲಯವೇ ಇಟ್ಟುಕೊಳ್ಳಲು ಬಿಡುವ 1980ರ ಬೇ-ಡೋಲ್ ಕಾಯಿದೆ ಅಮೆರಿಕದಲ್ಲಿ ಇದೆ. ನಮ್ಮಲ್ಲಿ ಅಂಥ ಮಸೂದೆ 2008ರಲ್ಲಿ ಸಂಸತ್ತಿಗೆ ಬಂದರೂ ಕಾಯಿದೆಯಾಗಲಿಲ್ಲ. ಆದ್ದರಿಂದ ಆಯಾ ವಿಶ್ವವಿದ್ಯಾಲಯದ ನೀತಿ ಮತ್ತು ಫೆಲೋಶಿಪ್ ಷರತ್ತನ್ನು ನೋಡಬೇಕು.

ಪ್ರಾಧ್ಯಾಪಕರು, ಶಿವಮೊಗ್ಗ: "ಸಹಿ ಮಾಡಿದ್ದಾರೆ ಎಂಬುದಷ್ಟೇ" ಎಂದರೆ ಏನು ಅರ್ಥ? ಪ್ರಯೋಗಾಲಯ, ರಾಸಾಯನಿಕ, ಯೋಜನೆಯ ಹಣ ತರುವವರು ಯಾರು?

ಪಿಎಚ್.ಡಿ. ವಿದ್ಯಾರ್ಥಿ, ಶಂಕರಘಟ್ಟ: ಹಣ ತಂದವರು ಆವಿಷ್ಕಾರಕರಾಗುವುದಾದರೆ ಸರ್ಕಾರದ ಹೆಸರನ್ನೇ ಬರೆಯೋಣ ಸರ್.

ಪ್ರಾಧ್ಯಾಪಕರು, ಶಿವಮೊಗ್ಗ: ಗುರುಗಳ ಜೊತೆ ಮಾತನಾಡುವ ರೀತಿ ಇದಲ್ಲ.

ಅಡಿಕೆ ಬೆಳೆಗಾರರು, ಹೊಸನಗರ: ಹುಡುಗ ಕೇಳಿದ್ದರಲ್ಲಿ ತಪ್ಪೇನಿದೆ?

ನಿರ್ವಾಹಕರು: ವೈಯಕ್ತಿಕ ಮಾತು ಬೇಡ. ಮುಂದುವರಿದರೆ ಚರ್ಚೆ ಮುಚ್ಚಬೇಕಾಗುತ್ತದೆ.

ಸದಸ್ಯೆ, ಕೊಪ್ಪ: ಕೇಂದ್ರ ಸರ್ಕಾರ ಪಿಎಚ್.ಡಿ. ಮುಗಿಸಿದ ಎಲ್ಲರಿಗೂ 50 ಲಕ್ಷ ಕೊಡುತ್ತಿದೆಯಂತೆ. ಲಿಂಕ್ ಬಂದಿದೆ, ನೋಂದಣಿ ಶುಲ್ಕ 999 ರೂಪಾಯಿ. ನಿಜವೇ?

ಮೇಡಂ: ಮೋಸ. ಹಣ ಕಟ್ಟಬೇಡಿ. ಬಿಗ್ ಎಲ್ಲರಿಗೂ ಸಿಗುವ ಹಣವಲ್ಲ, ಪ್ರಸ್ತಾವ ಪರಿಶೀಲಿಸಿ ಆಯ್ಕೆ ಮಾಡುತ್ತಾರೆ. ಬೈರಾಕ್‌ನ ಅಧಿಕೃತ ಜಾಲತಾಣದಲ್ಲಿ ಮಾತ್ರ ಅರ್ಜಿ ಹಾಕಿ. ಈ ಲಿಂಕ್ ಇಂದು ನನಗೆ ನಾಲ್ಕನೆಯ ಸಲ ಬರುತ್ತಿದೆ. ಓದಿದವರೇ ಇದನ್ನು ಹರಡುತ್ತಿರುವುದು ನೋವಾಗುತ್ತದೆ.

ಸದಸ್ಯ, ಸೊರಬ: ಕಂಪನಿ ಮೊದಲೋ ಪೇಟೆಂಟ್ ಮೊದಲೋ, ನೀವು ಹೇಳಲೇ ಇಲ್ಲ.

ಮೇಡಂ: ಅರ್ಜಿ ಮೊದಲು. ಮೇಲಿರುವುದನ್ನು ಓದಿ.

ಸದಸ್ಯ, ಶಿಕಾರಿಪುರ: ಶೇಕಡಾ ಹತ್ತು ಬದಲಾಯಿಸಿದರೆ ಬೇರೆಯವರ ಪೇಟೆಂಟ್ ನಮಗೆ ತಾಗುವುದಿಲ್ಲವಂತೆ?

ಮೇಡಂ: ಅಂಥ ನಿಯಮ ಇಲ್ಲ.

ಸದಸ್ಯ, ಸಾಗರ: ಹಾಳೆ ತಟ್ಟೆಯ ಪ್ರಶ್ನೆ ಕೇಳಿದ್ದೆ ಮೇಡಂ.

ಸಂಶೋಧನಾ ವಿದ್ಯಾರ್ಥಿನಿ, ತೀರ್ಥಹಳ್ಳಿ: ಮೇಡಂ, ಪೋಸ್ಟರ್ ಸಿಕ್ಕಿತು. ಎರಡನೆಯ ಪಟ್ಟಿಯಲ್ಲಿ ಪ್ರಮಾಣ ಇದೆ. ಎಣ್ಣೆಯ ಹೆಸರು ಇಲ್ಲ, ಸಂಕೇತ ಸಂಖ್ಯೆ ಮಾತ್ರ ಇದೆ. ಜೀವಿಯ ಜಾತಿಯ ಹೆಸರು ಇದೆ. ಸಮ್ಮೇಳನದ ಸಾರಾಂಶ ಪುಸ್ತಕದಲ್ಲಿ ಏನು ಅಚ್ಚಾಗಿದೆ ಎಂದು ಗೊತ್ತಿಲ್ಲ.

ಮೇಡಂ: ಎಣ್ಣೆಯ ಹೆಸರು ಇಲ್ಲದಿರುವುದು ಸಮಾಧಾನದ ಸಂಗತಿ. ಇಲ್ಲಿ ಇನ್ನೇನೂ ಬರೆಯಬೇಡಿ. ಪೋಸ್ಟರ್‌ನ ಮೂಲ ಕಡತ, ಸಾರಾಂಶ ಪುಸ್ತಕ, ದಾಖಲೆ ಪುಸ್ತಕ ಮೂರನ್ನೂ ತೆಗೆದುಕೊಂಡು ನಾಳೆ ಹನ್ನೊಂದು ಗಂಟೆಗೆ ಕಚೇರಿಗೆ ಬನ್ನಿ. ಮಾರ್ಗದರ್ಶಕರನ್ನೂ ಕರೆತನ್ನಿ, ಅವರ ಸಹಿ ಬೇಕಾಗುತ್ತದೆ.